ಹೆತ್ತವರ ವೀಸಾ ಜೊತೆಗೆ ವಿಮೆಯನ್ನೂ ಓದಿ ನೋಡಿ

ದುಬೈಯಲ್ಲಿರುವ ಮಗ ತಂದೆ ತಾಯಿಯನ್ನು ಕರೆಸಿಕೊಳ್ಳುವಾಗ ವಿಮಾನ ಟಿಕೆಟಿನ ದರವನ್ನು ಹತ್ತು ಕಡೆ ವಿಚಾರಿಸುತ್ತಾನೆ. ವಿಮೆಯನ್ನು ಮಾತ್ರ ವೀಸಾಕ್ಕೆ ಲಗತ್ತಿಸುವ ಕಾಗದವೆಂದು ಬಗೆದು ಅಗ್ಗದ್ದನ್ನೇ ಆರಿಸುತ್ತಾನೆ. ಇದು ಸರಿಯಲ್ಲ. ಸಂದರ್ಶಕರ ವಿಮೆಗಳಲ್ಲಿ ಹೆಚ್ಚಿನವು ಅಪಘಾತ, ತುರ್ತು ಚಿಕಿತ್ಸೆಗೆ ಸೀಮಿತ. ಮೊದಲೇ ಇರುವ ಸಕ್ಕರೆ ಕಾಯಿಲೆ, ಹೃದ್ರೋಗ ಸಾಮಾನ್ಯವಾಗಿ ಅದರ ಹೊರಗೆ. ಅರುವತ್ತು ದಾಟಿದವರನ್ನು ಆಸ್ಪತ್ರೆಗೆ ಸೇರಿಸುವುದು ಹೆಚ್ಚಾಗಿ ಇವೇ ಅಲ್ಲವೇ?

ವರ್ಷಗಟ್ಟಲೆ ಜೊತೆಗಿರಿಸಿಕೊಳ್ಳುವ ಇಚ್ಛೆಯಿದ್ದು ಸಂಬಳ ಸಾಲುವುದಾದರೆ ಮತ್ತೆ ಮತ್ತೆ ಸಂದರ್ಶಕ ವೀಸಾ ಮಾಡಿಸುವುದಕ್ಕಿಂತ ನಿವಾಸ ವೀಸಾವೇ ಲೇಸು. ದುಬೈಯ 2013ರ ಕಾನೂನಿನಂತೆ ಆಗ ಹೆತ್ತವರ ವಿಮೆ ಪ್ರಾಯೋಜಕನಾದ ಮಗನ ಹೊಣೆ. ಕೆನಡಾ ಇನ್ನೂ ಬಿಗಿ. ಅಲ್ಲಿನ ಸೂಪರ್ ವೀಸಾದಲ್ಲಿ ಹೆತ್ತವರು ಒಮ್ಮೆಗೆ 5 ವರ್ಷದವರೆಗೆ ಇರಬಹುದು. ಆದರೆ ಕನಿಷ್ಠ 1 ವರ್ಷದ, 1 ಲಕ್ಷ ಕೆನಡಾ ಡಾಲರಿನ ವಿಮೆ ತೋರಿಸಲೇಬೇಕು.

ಕಂತು ಹೆಚ್ಚಾದೀತೆಂದು ಅರ್ಜಿಯಲ್ಲಿ ಕಾಯಿಲೆ ಮುಚ್ಚಿಡುವವರಿದ್ದಾರೆ. ಅದು ಸುಳ್ಳು; ಪರಿಹಾರ ಕೇಳುವಾಗ ಹಳೆಯ ಚೀಟಿಗಳೇ ಅದನ್ನು ಬಯಲು ಮಾಡುತ್ತವೆ. ಹಣ ಉಳಿಸಲೇಬೇಕಿದ್ದರೆ ಉಡುಗೊರೆಗಳಲ್ಲಿ ಉಳಿಸಿ.

ಔಷಧಗಳ ವಿಷಯವೂ ಇದೆ. ನೋವಿಗೆ ಕೊಡುವ ಟ್ರಮಡಾಲ್, ಕೆಲವು ಕೆಮ್ಮಿನ ಸಿರಪ್‌ಗಳಲ್ಲಿರುವ ಕೋಡೀನ್ ಯುಎಇಯಲ್ಲಿ ನಿಯಂತ್ರಿತ. ವೈದ್ಯರ ಚೀಟಿ, ಮುಂಚಿತ ಅನುಮತಿ ಇಲ್ಲದೆ ಒಯ್ಯಬೇಡಿ. ನನ್ನದೇ ಪದ್ಧತಿಯಾದರೂ ಹೇಳುತ್ತೇನೆ: ಯುನಾನಿ ಮಾಜೂನ್, ಸಫೂಫ್‌ಗಳನ್ನು ಹೆಸರಿಲ್ಲದ ಡಬ್ಬಿಯಲ್ಲಿ ಕಟ್ಟಿಕೊಡಬೇಡಿ. ಅದರಲ್ಲೇನಿದೆ ಎಂದು ವಿಮಾನ ನಿಲ್ದಾಣದಲ್ಲಿ ಕೇಳಿದರೆ ಆ ವೃದ್ಧೆ ಏನು ಹೇಳಿಯಾರು?