ಪ್ರತಿ ಸಲವೂ ಕಾಯಿಲ್ಲೇ ಹೋಗೋದಾ?

ಹೊಳೆಬದಿಯಲ್ಲಿ ಹಳೇ ಪೆಟ್ರೋಲ್-ಸೀಮೆಎಣ್ಣೆ ಪಂಪು ಇಟ್ಟುಕೊಂಡವರಿಗಾಗಿ ಇದನ್ನು ಬರೀತಿದ್ದೇನೆ. ಮಳೆಗಾಲ ಪೂರ್ತಿ ಕೊಟ್ಟಿಗೆ ಮೂಲೆಯಲ್ಲಿದ್ದ ಎಂಜಿನ್ನನ್ನು ಜನವರಿಯಲ್ಲಿ ಹೊರಗೆ ತೆಗೆದು ಹಗ್ಗ ಎಳೆದರೆ ಸ್ಟಾರ್ಟ್ ಆಗಲ್ಲ. ಪೇಟೆಗೆ ಒಯ್ತೇವೆ. ಬಿಚ್ಚುವ ಮೊದಲೇ ತೀರ್ಪು: "ಕಾಯಿಲ್ ಹೋಗಿದೆ, ಇದಕ್ಕೆ ಸಾಮಾನು ಸಿಗಲ್ಲ, ಹೊಸ ಪಂಪೇ ತಗೊಳ್ಳಿ." ಅಡಿಕೆ ಸಸಿ ಒಣಗ್ತಾ ಇರ್ತದೆ, ನಾವು ಸಾಲ ಮಾಡಿಯಾದರೂ ತರ್ತೇವೆ. ನನ್ನ ತಕರಾರು ಇಲ್ಲೇ.

ಕಾಯಿಲ್ ಹೋಗೋದೇ ಇಲ್ಲ ಅಂತಲ್ಲ. ಆದರೆ ಅದನ್ನು ಕಡೆಗೆ ಅನುಮಾನಿಸಬೇಕು.

ಪೆಟ್ರೋಲ್ ನಲ್ಲಿ ಬಂದ್ ಮಾಡಿ ಪ್ಲಗ್ ಬಿಚ್ಚಿ. ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್ನಿನ ಪ್ಲಗ್ಗಿಗೆ ಮಸಿ ಕಟ್ಟೋದು ಜಾಸ್ತಿ. ಒರೆಸಿ, ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ಮೈಯನ್ನು ಎಂಜಿನ್ ಕಬ್ಬಿಣಕ್ಕೆ ತಾಗಿಸಿ, ನೆರಳಲ್ಲಿ ಹಗ್ಗ ಎಳೆಯಿರಿ. ಪ್ಲಗ್ ತೂತಿನಿಂದ ದೂರ ಇರಲಿ, ಅಲ್ಲಿ ಪೆಟ್ರೋಲ್ ಆವಿ ಇರ್ತದೆ. ಕಿಡಿ ಇಲ್ಲದಿದ್ದರೆ ಬೇರೆ ಒಳ್ಳೆ ಪ್ಲಗ್ ಹಾಕಿ ನೋಡಿ.

ಆಮೇಲೆ ಸ್ಟಾಪ್ ಸ್ವಿಚ್ಚಿನ ವೈರು. ಇದನ್ನು ಯಾರೂ ನೋಡಲ್ಲ ಮಾರಾಯ್ರೆ! ಇಲಿ ಕಡಿದೋ, ಬಾಡಿಗೆ ಉಜ್ಜಿಯೋ ಅದರ ಸಿಪ್ಪೆ ಹೋದರೆ, ಸ್ವಿಚ್ ಒತ್ತಿ ಹಿಡಿದ ಹಾಗೇ ಲೆಕ್ಕ. ವೈರು ಬಿಡಿಸಿ ಎಳೆಯಿರಿ. ಕಿಡಿ ಬಂದರೆ ಕಳ್ಳ ಸಿಕ್ಕಿದ.

ಅಷ್ಟಾದರೂ ಬರಲಿಲ್ಲವಾ? ಮ್ಯಾಗ್ನೆಟ್ ಚಕ್ರದ ಕೆಳಗಿನ ಪಾಯಿಂಟು. ನಮ್ಮ ಮಳೆಯ ಥಂಡಿಗೆ ಅದರ ಮುಖ ಕಿಲುಬು ಹಿಡೀತದೆ. ಚಕ್ರ ತೆಗೆಯೋಕೆ ಪುಲ್ಲರ್ ಬೇಕು, ಸುತ್ತಿಗೆ ಏಟು ಬೇಡವೇ ಬೇಡ. ನಯವಾದ ಎಮರಿ ಕಾಗದದಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ. ಪೂರ್ತಿ ತೆರೆದಾಗ ಸಂದು ಸಾಧಾರಣ 0.3 ರಿಂದ 0.4 ಮಿ.ಮೀ. ಇರಬೇಕು. ಪಾಯಿಂಟು ಪದೇಪದೇ ಸುಟ್ಟು ಗುಳಿ ಬೀಳ್ತಿದ್ದರೆ ಕಂಡೆನ್ಸರ್ ಬದಲಿಸಿ, ದೊಡ್ಡ ಖರ್ಚೇನಲ್ಲ.

ಇಷ್ಟು ನೋಡಿಯೂ ಕಿಡಿ ಇಲ್ಲ, ಅಥವಾ ತಣ್ಣಗಿದ್ದಾಗ ಬಂದು ಬಿಸಿಯಾದ ಮೇಲೆ ನಿಲ್ತದೆ ಅಂದರೆ, ಆಗ ಕಾಯಿಲ್ ಮಾತಾಡೋಣ.

"ನಾವು ಕೃಷಿಕರು, ಮೆಕ್ಯಾನಿಕ್ಕಾ?" ಅಂತ ಕೇಳೋರಿದ್ದಾರೆ. ಬೋರ್ಡೋ ದ್ರಾವಣ ಹದ ಮಾಡೋಕೆ ಪೇಟೆಯಿಂದ ಜನ ಕರೆಸ್ತೀರಾ?

ಅಂಗಡಿಯಲ್ಲಿ ಕಾಯಿಲ್ ಅಂದರೆ, "ಕಿಡಿ ತೋರಿಸಿ" ಅನ್ನಿ. ಬದಲಿಸಿದರೆ ಹಳೇದನ್ನು ಕೇಳಿ ತನ್ನಿ. ಪಕ್ಕದ ಮನೆಯವರು ಹಾಗೆ ತಂದ "ಹೋದ" ಕಾಯಿಲ್ಲನ್ನು ನನ್ನ ಎಂಜಿನ್ನಿಗೆ ಹಾಕಿ ನೋಡಿದೆ. ಮೂರನೇ ಎಳೆತಕ್ಕೆ ಸ್ಟಾರ್ಟ್.