ಟ್ಯಾಂಟಲಮ್ ಕೆಪಾಸಿಟರ್‌ಗಳ ತಯಾರಿಕೆ ಮತ್ತು ಬಾಳಿಕೆ: ಅರ್ಜಿದಾರರ ಅವಗಾಹನೆಗಾಗಿ

ವಿದ್ಯುನ್ಮಾನ ಉಪಕರಣಗಳನ್ನು ತಯಾರಿಸುವ ಕಿರು ಉದ್ದಿಮೆದಾರರು ಉತ್ಪನ್ನದ ಪರೀಕ್ಷೆಗಾಗಿ ಅರ್ಜಿ ಸಲ್ಲಿಸುವ ಮುನ್ನ ಈ ಕೆಳಕಂಡ ವಿಷಯಗಳನ್ನು ಗಮನಿಸುವುದು ಸೂಕ್ತ.

2024ರಲ್ಲಿ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ರುಬಾಯಾ ಗಣಿ ಪ್ರದೇಶವು ಎಂ23 ಬಂಡುಕೋರರ ವಶವಾಯಿತು. ಟ್ಯಾಂಟಲಮ್ ಅದಿರಾದ ಕೋಲ್ಟಾನ್‌ನ ಪ್ರಮುಖ ಮೂಲಗಳಲ್ಲಿ ಇದೂ ಒಂದು. ಪೂರೈಕೆ ಅನಿಶ್ಚಿತವಾದಾಗಲೆಲ್ಲ ‘ಅದೇ ಮೈಕ್ರೋಫ್ಯಾರಡ್, ಅದೇ ವೋಲ್ಟ್, ಕಡಿಮೆ ದರ’ ಎಂಬ ಕೊಟೇಷನ್‌ಗಳು ಬರುವುದುಂಟು. ಗುರುತು ಒಂದೇ ಆದರೂ ತಯಾರಿಕೆ ಒಂದೇ ಆಗಿರಬೇಕೆಂದಿಲ್ಲ.

ಟ್ಯಾಂಟಲಮ್ ಪುಡಿಯನ್ನು ತಂತಿಯ ಸುತ್ತ ಒತ್ತಿ, ನಿರ್ವಾತ ಕುಲುಮೆಯಲ್ಲಿ 1000 ಡಿಗ್ರಿ ಸೆಲ್ಸಿಯಸ್‌ಗೂ ಮಿಗಿಲಾದ ಉಷ್ಣದಲ್ಲಿ ಕಾಯಿಸಿ ಗಟ್ಟಿಗೊಳಿಸಲಾಗುತ್ತದೆ. ಪುಡಿ ನುಣ್ಣಗಿದ್ದಷ್ಟೂ ಮೇಲ್ಮೈ ಹೆಚ್ಚಿ, ಕಡಿಮೆ ಲೋಹದಲ್ಲಿ ಹೆಚ್ಚು ಕೆಪಾಸಿಟನ್ಸ್ ದೊರೆಯುತ್ತದೆ. ಉಳಿತಾಯದ ಮೂಲ ಇದೇ; ತೊಡಕೂ ಇಲ್ಲಿಯೇ ಇದೆ. ಮುಂದಿನ ಹಂತದಲ್ಲಿ ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದಾಗ ಪ್ರತಿ ವೋಲ್ಟ್‌ಗೆ ಸುಮಾರು 2 ನಾನೊಮೀಟರ್ ದಪ್ಪದ ಆಕ್ಸೈಡ್ ಪದರ ಬೆಳೆಯುತ್ತದೆ. ಈ ಪದರವು ಲೋಹವನ್ನೇ ತಿಂದು ಬೆಳೆಯುವುದರಿಂದ, ಅತಿ ನುಣ್ಣನೆಯ ಕಣಗಳು ದಪ್ಪ ಪದರವನ್ನು ತಾಳಲಾರವು. ಆದ್ದರಿಂದ ಅಂತಹ ಪುಡಿಯು ಕಡಿಮೆ ವೋಲ್ಟೇಜಿನ ಕೆಪಾಸಿಟರ್‌ಗಳಿಗೆ ಮಾತ್ರ ತಕ್ಕುದಾಗಿದೆ. ಪುಡಿಯಲ್ಲಿ ಕಬ್ಬಿಣ, ಇಂಗಾಲದಂತಹ ಕಲ್ಮಶವಿದ್ದಲ್ಲಿ ಪದರವು ಅಲ್ಲಲ್ಲಿ ದುರ್ಬಲವಾಗಿ ವಿದ್ಯುತ್ ಸೋರಿಕೆ ಹೆಚ್ಚುತ್ತದೆ.

ಆಕ್ಸೈಡ್ ಮೇಲಿನ ಲೇಪನದಲ್ಲಿ ಎರಡು ವಿಧಗಳುಂಟು. ಮೊದಲನೆಯದರಲ್ಲಿ ಮ್ಯಾಂಗನೀಸ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಮತ್ತೆ ಮತ್ತೆ ಕಾಯಿಸಿ ಮ್ಯಾಂಗನೀಸ್ ಡೈಆಕ್ಸೈಡ್ ಲೇಪಿಸಲಾಗುತ್ತದೆ. ಸಣ್ಣ ದೋಷವೊಂದು ಬಿಸಿಯಾದಾಗ ಈ ಲೇಪನವು ಅಲ್ಲಿ ಹೆಚ್ಚು ರೋಧವುಳ್ಳ ಆಕ್ಸೈಡ್ ಆಗಿ ಮಾರ್ಪಟ್ಟು ಸೋರಿಕೆಯನ್ನು ತಡೆಯುತ್ತದೆ. ಆದರೆ ವಿದ್ಯುತ್ ಪ್ರವಾಹಕ್ಕೆ ಮಿತಿಯಿಲ್ಲದಿದ್ದಲ್ಲಿ ಇದೇ ಲೇಪನವು ಆಮ್ಲಜನಕ ಒದಗಿಸಿ, ಟ್ಯಾಂಟಲಮ್ ಹೊತ್ತಿ ಉರಿಯಬಹುದು. ಎರಡನೆಯ ವಿಧವಾದ ಪಾಲಿಮರ್ ಲೇಪನದಲ್ಲಿ ಈ ಅಪಾಯ ಬಹಳ ಕಡಿಮೆ, ಆಂತರಿಕ ರೋಧವೂ ಕಡಿಮೆ. ಆದರೆ ತೇವವನ್ನು ಅದು ಅಷ್ಟಾಗಿ ಸಹಿಸದು.

ಉತ್ತಮ ಕೆಪಾಸಿಟರ್ ಕೂಡ ತಮ್ಮ ಘಟಕದಲ್ಲಿಯೇ ಕೆಡಬಹುದು ಎಂಬುದು ಬಹುಮಂದಿಯ ಗಮನಕ್ಕೆ ಬರುವುದಿಲ್ಲ. ಸೀಸರಹಿತ ಬೆಸುಗೆಯಲ್ಲಿ ಉಷ್ಣವು 260 ಡಿಗ್ರಿಯವರೆಗೂ ಏರಬಹುದಾಗಿದ್ದು, ಆಗ ಪದರದಲ್ಲಿ ಸೂಕ್ಷ್ಮ ಬಿರುಕು ಮೂಡುವ ಸಂಭವವಿದೆ. ಅಂತಹ ಕೆಪಾಸಿಟರ್ ಮೊದಲ ಬಾರಿ ಸ್ವಿಚ್ ಹಾಕಿದಾಗಲೇ ಸುಟ್ಟುಹೋಗಬಹುದು. ಈ ಕಾರಣದಿಂದ ಮ್ಯಾಂಗನೀಸ್ ವಿಧದವುಗಳನ್ನು ಅವುಗಳ ಮೇಲೆ ನಮೂದಿಸಿದ ವೋಲ್ಟೇಜಿನ ಅರ್ಧದಷ್ಟಕ್ಕೆ ಮಾತ್ರ ಬಳಸುವುದು ರೂಢಿಯಲ್ಲಿದೆ. ಕೆಲವು ರೂಪಾಯಿ ಉಳಿಸಲು ಈ ಅಂತರವನ್ನು ಕಡಿತಗೊಳಿಸುವುದು ಲೆಕ್ಕದ ದೃಷ್ಟಿಯಿಂದಲೂ ನಷ್ಟವೇ. ಬೆಸುಗೆಯ ನಂತರ ಮೊದಲ ಬಾರಿ ವಿದ್ಯುತ್ ನೀಡುವಾಗ ಸರಣಿಯಲ್ಲಿ ರೆಸಿಸ್ಟರ್ ಇಟ್ಟು ವೋಲ್ಟೇಜನ್ನು ನಿಧಾನವಾಗಿ ಏರಿಸತಕ್ಕದ್ದು.

ಬಿಡಿಭಾಗಗಳ ಪಟ್ಟಿಯಲ್ಲಿ ಲೇಪನದ ವಿಧ, ತಯಾರಕರ ಹೆಸರು ಹಾಗೂ ಬ್ಯಾಚ್ ಸಂಖ್ಯೆಯನ್ನು ತಪ್ಪದೆ ನಮೂದಿಸಲು ಅರ್ಜಿದಾರರನ್ನು ಕೋರಲಾಗಿದೆ.