ಮಗುವಾದ ಮೇಲೆ ಪಿಸಿಒಡಿ ಎಲ್ಲಿಗೆ ಹೋಗುತ್ತದೆ?

ಕಾಶಿಯ ಭೇಲೂಪುರ 23ನೇ ತೀರ್ಥಂಕರ ಪಾರ್ಶ್ವನಾಥರ ಜನ್ಮಸ್ಥಳ. ಕರ್ನಾಟಕದಿಂದ ಇಲ್ಲಿಗೆ ಯಾತ್ರೆ ಬರುವ ಹೆಣ್ಣುಮಕ್ಕಳಲ್ಲಿ ಕೆಲವರು ಮುಟ್ಟು ಮುಂದೂಡುವ ಮಾತ್ರೆಯನ್ನು ಬ್ಯಾಗಿನಲ್ಲಿ ಇಟ್ಟುಕೊಂಡೇ ಹೊರಟಿರುತ್ತಾರೆ. ಎದೆಬಡಿತ, ಬಿಪಿ ಎಂದು ನನ್ನ ಬಳಿ ಬಂದವರನ್ನು "ಕೊನೆಯ ಮುಟ್ಟು ಯಾವಾಗಮ್ಮ?" ಎಂದು ಕೇಳುತ್ತೇನೆ. ಹೃದಯದ ಡಾಕ್ಟರಿಗೆ ಇದೆಲ್ಲ ಯಾಕೆ ಎಂಬಂತೆ ನೋಡುತ್ತಾರೆ. ಆಮೇಲೆ ಉತ್ತರ ಬರುತ್ತದೆ: "ಕಾಲೇಜಿನಿಂದಲೂ ಸರಿಯಿಲ್ಲ ಡಾಕ್ಟ್ರೇ, ಪಿಸಿಒಡಿ ಅಂದಿದ್ರು. ಮಗು ಆದ್ಮೇಲೆ ತೋರಿಸಿಲ್ಲ."

ನನ್ನ ತಕರಾರು ಇರುವುದು ಇಲ್ಲೇ. ಮದುವೆಗೆ ಮುಂಚೆ ಮುಚ್ಚಿಡುತ್ತೇವೆ, ಮದುವೆಯಾದ ಮೇಲೆ ಮಗುವಿಗಾಗಿ ಓಡಾಡುತ್ತೇವೆ, ಮಗುವಾದ ಕೂಡಲೇ ಫೈಲು ಅಟ್ಟ ಸೇರುತ್ತದೆ. ಇದರಲ್ಲಿ ಮನೆಯವರಷ್ಟೇ ವೈದ್ಯರಾದ ನಮ್ಮ ತಪ್ಪೂ ಇದೆ.

ಪಿಸಿಒಡಿ ಅಥವಾ ಪಿಸಿಒಎಸ್ ಬರೀ ಅಂಡಾಶಯದ ಕಾಯಿಲೆಯಲ್ಲ. ಸ್ಕ್ಯಾನಿನಲ್ಲಿ ಕಾಣುವ 'ನೀರಿನ ಗುಳ್ಳೆ'ಗಳು ಗಡ್ಡೆಗಳಲ್ಲ, ಪೂರ್ತಿ ಬೆಳೆಯದೆ ನಿಂತ ಅಂಡದ ಚೀಲಗಳು. ಇದಿರುವ ಬಹಳಷ್ಟು ಹೆಂಗಸರಲ್ಲಿ ದೇಹ ಇನ್ಸುಲಿನ್ ಮಾತು ಸರಿಯಾಗಿ ಕೇಳುವುದಿಲ್ಲ. ಆಗ ದೇಹ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ, ಅದರಿಂದ ಅಂಡಾಶಯದಲ್ಲಿ ಗಂಡು ಹಾರ್ಮೋನು ಹೆಚ್ಚುತ್ತದೆ. ಮುಟ್ಟು ತಪ್ಪುವುದು, ಗಲ್ಲದ ಮೇಲೆ ಕೂದಲು, ಮೊಡವೆ ಎಲ್ಲ ಅದರಿಂದಲೇ. ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್, ಬಿಪಿಗೂ ಅದೇ ದಾರಿ. ಮಗು ಹುಟ್ಟಿದರೆ ಈ ದಾರಿ ಮುಚ್ಚುವುದಿಲ್ಲ.

2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ಪಿಸಿಒಎಸ್ ಇರುವವರು ವಯಸ್ಸು, ತೂಕ ಎಷ್ಟೇ ಇರಲಿ, ಗೊತ್ತಾದಾಗಲೇ ಸಕ್ಕರೆ ಪರೀಕ್ಷೆ ಮಾಡಿಸಬೇಕು. ಆಮೇಲೆ 1ರಿಂದ 3 ವರ್ಷಕ್ಕೊಮ್ಮೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವ ಪರೀಕ್ಷೆ ಉತ್ತಮ. ಖಾಲಿ ಹೊಟ್ಟೆಯ ರಿಪೋರ್ಟು ನಾರ್ಮಲ್ ಇದ್ದರೂ ಇದರಲ್ಲಿ ತೊಂದರೆ ಸಿಕ್ಕಿಬೀಳುವುದುಂಟು. ಬಿಪಿ ವರ್ಷಕ್ಕೊಮ್ಮೆಯಾದರೂ ನೋಡಿಸಿ. ಕೊಲೆಸ್ಟ್ರಾಲನ್ನೂ ಮರೆಯಬೇಡಿ. 'ನಾನು ಸಣ್ಣಗಿದ್ದೀನಲ್ಲ' ಎಂಬ ಧೈರ್ಯ ಬೇಡ, ತೆಳ್ಳಗಿರುವವರಿಗೂ ಇದು ಬರುತ್ತದೆ.

ಇದೇ ಫೋನಿಗೆ 'ಮೆಂತ್ಯದ ನೀರಿನಿಂದ ಪಿಸಿಒಡಿ ಮಾಯ' ಎಂಬ ಮೆಸೇಜೂ ಬಂದಿರುತ್ತದೆ. ಮೆಂತ್ಯ ಬೇಕಾದರೆ ಕುಡಿಯಿರಿ. ಮಾಯವಾಗುವಂಥದ್ದಲ್ಲ ಇದು, ಹತೋಟಿಯಲ್ಲಿಡುವಂಥದ್ದು. ತಟ್ಟೆಯಲ್ಲಿ ಅನ್ನ ಸ್ವಲ್ಪ ಕಡಿಮೆ, ಕಾಳು, ತರಕಾರಿ ಜಾಸ್ತಿ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ. ತೂಕ ಹೆಚ್ಚಿದ್ದವರು ನೂರಕ್ಕೆ ಐದು ಭಾಗ ಇಳಿಸಿದರೂ ಹಲವರಲ್ಲಿ ಮುಟ್ಟು ಸುಧಾರಿಸುತ್ತದೆ. ಬೇಕಾದವರಿಗೆ ಮೆಟ್‌ಫಾರ್ಮಿನ್, ಹಾರ್ಮೋನು ಮಾತ್ರೆಗಳಿವೆ, ವೈದ್ಯರು ನೋಡಿ ಕೊಟ್ಟರೆ ಮಾತ್ರ.

ಮೂರು ತಿಂಗಳು ಮುಟ್ಟಾಗದಿದ್ದರೆ 'ಕಾಟ ತಪ್ಪಿತು' ಎಂದು ಸುಮ್ಮನಿರಬೇಡಿ. ಗರ್ಭಕೋಶದ ಒಳಪದರ ದಪ್ಪವಾಗುತ್ತ ಹೋದರೆ ಮುಂದೆ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ.

ಇನ್ನು ಯಾತ್ರೆಯ ಮಾತ್ರೆ. ಮೆಡಿಕಲ್ ಶಾಪಿನಿಂದ ನೀವೇ ತಂದು ನುಂಗಬೇಡಿ. ಮುಟ್ಟು ತಡವಾಗಿದ್ದರೆ ಮೊದಲು ಬಸಿರಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ವೈದ್ಯರಿಗೆ ಹೇಳಲೇಬೇಕು. ದೂರದ ರೈಲು ಪ್ರಯಾಣದ ನಂತರ ಒಂದೇ ಕಾಲು ಊದಿ ನೋಯುತ್ತಿದ್ದರೆ, ಉಸಿರು ಕಟ್ಟುವಂತಾದರೆ, ದರ್ಶನದ ಸಾಲು ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.